ಹೂವಿನ ಕಣಿವೆಗೆ ಹೊರಡುವ ಮುನ್ನ

ಪುಣೆಯ ನಮ್ಮ ಬಳಗದ ತಿಂಗಳ ಸಭೆಯಲ್ಲಿ ಪುಸ್ತಕದ ಮಾತು ಮುಗಿದು ಚಹಾ ಬರುವ ಹೊತ್ತಿಗೆ ಪ್ರವಾಸದ ಮಾತು ಏಳುವುದು ವಾಡಿಕೆ. ಬಹುಪಾಲು ಅದು ಚಹಾದೊಡನೆಯೇ ಮುಗಿದುಹೋಗುತ್ತದೆ. ಈ ಬಾರಿ ಹಾಗಾಗಲಿಲ್ಲ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ಹೂವಿನ ಕಣಿವೆಗೆ ಹೋಗಿಬರಬೇಕೆಂಬ ಮಾತು ಒಂದು ಹಾಳೆಯ ಮೇಲೆ ಇಳಿಯಿತು. ಕಣಿವೆಯ ಬಾಗಿಲು ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಮಾತ್ರ ತೆರೆದಿರುತ್ತದೆ. ಹೂವು ತುಂಬಿರುವುದು ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಅಂದರೆ ನಡುಮಳೆಗಾಲದಲ್ಲಿ ಹೋಗಬೇಕು. ಘಾಂಘರಿಯಾದಲ್ಲಿ ಮೂರು ರಾತ್ರಿ. ಅಲ್ಲಿಂದ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಕಣಿವೆಯಿಂದ ಹೊರಬರಬೇಕು. ಡೇರೆ ಹಾಕುವಂತಿಲ್ಲ. ಹೇಸರಗತ್ತೆ ಒಳಗೆ ಬರುವಂತಿಲ್ಲ.

ಹೀಗೆ ಒಂದೊಂದೇ ನಿಯಮವನ್ನು ಬರೆದುಕೊಳ್ಳುತ್ತಿದ್ದಾಗ ನಮ್ಮಲ್ಲಿ ಕಿರಿಯಳಾದ ಒಬ್ಬ ಗೆಳತಿ ಕೇಳಿದಳು: “ಆ ಇಂಗ್ಲಿಷಿನವನು ಅಲ್ಲಿ ವಾರಗಟ್ಟಲೆ ಡೇರೆ ಹಾಕಿಕೊಂಡಿದ್ದನಲ್ಲ, ನಾವೇಕೆ ಒಂದು ರಾತ್ರಿಯೂ ಉಳಿಯುವಂತಿಲ್ಲ?” ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ತಕ್ಷಣದ ಉತ್ತರ ಹೊಳೆಯಲಿಲ್ಲ. ಮುಂದಿನ ಎರಡು ತಿಂಗಳು ಹೋಟೆಲು, ಬಂಡಿ, ರೈಲುಗಳ ವಿಚಾರಕ್ಕಿಂತ ಹೆಚ್ಚಾಗಿ ಈ ಪ್ರಶ್ನೆಯ ಬೆನ್ನು ಹತ್ತಿದೆವು. ಪ್ರವಾಸದ ಹಾಳೆಯಲ್ಲಿ ನಿಯಮಗಳಾಗಿ ಕಂಡದ್ದೆಲ್ಲ ಒಂದೊಂದು ಘಟನೆಯ ಬಾಕಿ ಎಂಬುದು ಆಗ ತಿಳಿಯತೊಡಗಿತು. ಆ ಕಣಿವೆಯಲ್ಲಿ ಯಾರಿದ್ದರು, ಯಾರು ಬಂದರು, ಯಾರನ್ನು ಹೊರಗಿಟ್ಟರು ಎಂಬುದರ ಲೆಕ್ಕ ಅದು. ನಾವು ಕಲೆಹಾಕಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ದೆಹಲಿ, ಹೈದರಾಬಾದು, ಚೆನ್ನೈಗಳಿಂದ ಆ ದಾರಿ ಹಿಡಿಯಬೇಕೆಂದಿರುವ ಓದುಗರಿಗೂ ಒದಗೀತು.

ಮೊದಲು ಭೂಗೋಳ. ಋಷಿಕೇಶದಿಂದ ಅಲಕನಂದೆಯನ್ನು ಹಿಡಿದು ಸುಮಾರು 250 ಕಿಲೋಮೀಟರ್ ಹೋದರೆ ಜೋಶಿಮಠ. ಅಲ್ಲಿಂದ ಬದರಿಯ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಮುಂದೆ ಗೋವಿಂದಘಾಟ್. ಅಲ್ಲಿ ಬಲಬದಿಯಿಂದ ಒಂದು ಹೊಳೆ ಧುಮ್ಮಿಕ್ಕಿ ಅಲಕನಂದೆಯನ್ನು ಕೂಡುತ್ತದೆ. ಅದನ್ನು ಲಕ್ಷ್ಮಣಗಂಗೆ ಎಂದೂ ಭ್ಯುಂಡಾರ್ ಗಂಗೆ ಎಂದೂ ಕರೆಯುತ್ತಾರೆ. ಹೊಳೆಯ ಜೊತೆಗೇ ಮೇಲೇರಬೇಕು. ಪುಲ್ನಾ ಎಂಬ ಹಳ್ಳಿಯವರೆಗೆ ನಾಲ್ಕು ಕಿಲೋಮೀಟರ್ ಬಂಡಿ ಹೋಗುತ್ತದೆ, ಆಮೇಲೆ ಒಂಬತ್ತು ಹತ್ತು ಕಿಲೋಮೀಟರ್ ನಡಿಗೆ. ಸುಮಾರು 3,050 ಮೀಟರ್ ಎತ್ತರದ ಘಾಂಘರಿಯಾದ ಬಳಿ ದಾರಿ ಕವಲೊಡೆಯುತ್ತದೆ: ಬಲಕ್ಕೆ ಕಡಿದಾದ ಏರಿನಲ್ಲಿ ಹೇಮಕುಂಡ ಸಾಹಿಬ್, ಎಡಕ್ಕೆ ಪುಷ್ಪಾವತಿ ನದಿಯ ಕಣಿವೆ. ಈ ಎಡಗವಲೇ ನಮ್ಮ ಗುರಿ. 87.5 ಚದರ ಕಿಲೋಮೀಟರ್ ವಿಸ್ತಾರದ ಆ ರಾಷ್ಟ್ರೀಯ ಉದ್ಯಾನದ ನೆತ್ತಿಯಲ್ಲಿ 6,700 ಮೀಟರನ್ನು ಮೀರಿದ ಗೌರಿ ಪರ್ವತವಿದೆ, ಪುಷ್ಪಾವತಿ ಹುಟ್ಟುವ ಟಿಪ್ರಾ ಹಿಮನದಿಯಿದೆ.

ಜೋಶಿಮಠದವರೆಗಿನ ದಾರಿ ಕನ್ನಡಿಗರಿಗೆ ಅಪರಿಚಿತವೇನಲ್ಲ. ಶಂಕರರ ಪರಂಪರೆಯಲ್ಲಿ ಜೋಶಿಮಠದ ಜ್ಯೋತಿರ್ಮಠ ನಮ್ಮ ಶೃಂಗೇರಿಯ ಸೋದರಪೀಠ. ನಡುದಾರಿಯ ರುದ್ರಪ್ರಯಾಗದಲ್ಲಿ ಮಂದಾಕಿನಿಯ ಬದಿಗೆ ಹೊರಳಿದರೆ ಕೇದಾರ. ಅಲ್ಲಿಯ ರಾವಲರು ತಲೆಮಾರುಗಳಿಂದ ಕನ್ನಡ ಮೂಲದ ವೀರಶೈವ ಜಂಗಮರು. ಹೀಗೆ ನಮ್ಮವರು ನೂರಾರು ವರ್ಷಗಳಿಂದ ಈ ಬೆಟ್ಟಗಳಿಗೆ ಹೋಗಿದ್ದಾರೆ, ಆದರೆ ದೇವರ ದಾರಿಯನ್ನು ಬಿಟ್ಟು ಪಕ್ಕದ ಕಣಿವೆಗೆ ಇಳಿಯಲಿಲ್ಲ. ಹೂವು ನೋಡಲೆಂದೇ ಬೆಟ್ಟ ಹತ್ತುವುದು ಇತ್ತೀಚಿನ ಹವ್ಯಾಸ, ಮತ್ತು ಅದು ಹೊರಗಿನಿಂದ ಬಂದದ್ದು.

ಬಂದದ್ದು ಹೇಗೆಂಬುದು ಎಲ್ಲರೂ ಹೇಳುವ ಕಥೆ. 1931ರ ಜೂನ್ 21ರಂದು ಫ್ರಾಂಕ್ ಸ್ಮೈತ್‌ನ ತಂಡ 7,756 ಮೀಟರ್ ಎತ್ತರದ ಕಾಮೆಟ್ ಪರ್ವತವನ್ನು ಏರಿತು. ಅದುವರೆಗೆ ಮನುಷ್ಯ ಶಿಖರ ಮುಟ್ಟಿದ ಪರ್ವತಗಳಲ್ಲಿ ಅದೇ ಅತಿ ಎತ್ತರದ್ದು. ಇಳಿದು ಬಂದ ಮೇಲೆ ಧೌಲಿಗಂಗೆಯ ಕಡೆಯ ಗಮಶಾಲಿ ಹಳ್ಳಿಯಿಂದ ಒಂದು ಕಣಿವೆದಾರಿಯನ್ನು ದಾಟಿ ಈಚೆಗೆ ಇಳಿದರು. ಮಳೆ, ಚಳಿ, ಮಂಜು. ಮಂಜಿನೊಳಗಿಂದ ಕೆಳಗಿಳಿದಾಗ ಕಾಲಡಿಯಲ್ಲಿ ಹೂವು. ತಂಡದಲ್ಲಿ ಎರಿಕ್ ಶಿಪ್ಟನ್ ಇದ್ದ, ಸಸ್ಯಗಳನ್ನು ಬಲ್ಲ ಹೋಲ್ಡ್ಸ್‌ವರ್ತ್ ಇದ್ದ. ಸ್ಮೈತ್ ಮರೆಯಲಿಲ್ಲ. 1937ರಲ್ಲಿ ಮರಳಿ ಬಂದು ಅಲ್ಲಿಯೇ ಡೇರೆ ಹೂಡಿ, ಬೀಜ, ಗಡ್ಡೆ, ಗಿಡಗಳನ್ನು ಕೂಡಿಸಿ, ನಡುನಡುವೆ ಸುತ್ತಲ ಶಿಖರಗಳನ್ನು ಹತ್ತಿ, ಮರುವರ್ಷ ಒಂದು ಪುಸ್ತಕ ಬರೆದ. ಆ ಪುಸ್ತಕದ ಹೆಸರೇ ಕಣಿವೆಯ ಹೆಸರಾಯಿತು. ಇಂದು ಸರಕಾರದ ಫಲಕಗಳಲ್ಲಿರುವ ‘ಫೂಲೋಂ ಕೀ ಘಾಟಿ’ ಎಂಬುದು ಆ ಇಂಗ್ಲಿಷ್ ಶೀರ್ಷಿಕೆಯ ಹಿಂದಿ ರೂಪವಷ್ಟೆ.

ಈ ಕಥೆಯನ್ನು ‘ಸ್ಮೈತ್ ಕಂಡುಹಿಡಿದ ಕಣಿವೆ’ ಎಂದು ಮುಗಿಸುವುದು ರೂಢಿ. ಅದನ್ನು ನಾವು ಒಪ್ಪಲಾರೆವು. ಶಿಖರದ ಮೇಲೆ ಅಂದು ಅವನೊಡನೆ ನಿಂತವರಲ್ಲಿ ಲೇವಾ ಎಂಬ ಶೆರ್ಪಾ ಇದ್ದ. ಎರಡು ದಿನಗಳ ನಂತರ ಏರಿದ ಎರಡನೆಯ ತಂಡದಲ್ಲಿ ಕೇಶರ್ ಸಿಂಗ್ ಎಂಬ ಭೋಟಿಯಾ ಇದ್ದ. ಬೆಟ್ಟದವರ ಹೆಗಲು, ಬೆಟ್ಟದವರ ದಾರಿಗಳಿಲ್ಲದೆ ಆ ತಂಡ ಕದಲುತ್ತಿರಲಿಲ್ಲ. ಕಣಿವೆಗೂ ಭೂಪಟದಲ್ಲಿ ಆಗಲೇ ಒಂದು ಹೆಸರಿತ್ತು: ಭ್ಯುಂಡಾರ್. ಅದೇ ಹೆಸರಿನ ಹಳ್ಳಿ ಘಾಂಘರಿಯಾದ ಕೆಳಗೆ ಹೊಳೆಯ ದಂಡೆಯಲ್ಲಿತ್ತು. ಹಳ್ಳಿಯವರು ಬೇಸಿಗೆ, ಮಳೆಗಾಲಗಳಲ್ಲಿ ಅಲ್ಲಿರುತ್ತಿದ್ದರು. ಹಿಮ ಬೀಳುವ ಕಾಲಕ್ಕೆ ಕೆಳಗಿನ ಪುಲ್ನಾಕ್ಕೆ ಇಳಿಯುತ್ತಿದ್ದರು. ಅವರ ಕುರಿ, ಆಡು, ದನಗಳು ಮೇವಿಗೆ ಹೋಗುತ್ತಿದ್ದುದು ಈ ಹೂವಿನ ಹಾಸಿಗೆಗೇ. ಇಂಥ ಎತ್ತರದ ಹುಲ್ಲುಗಾವಲನ್ನು ಗಢವಾಲಿಗರು ‘ಬುಗ್ಯಾಲ್’ ಎನ್ನುತ್ತಾರೆ. ಸ್ಮೈತ್‌ಗೆ ಉದ್ಯಾನವಾಗಿ ಕಂಡದ್ದು ಅವರ ಪಾಲಿಗೆ ಮೇವಿನ ನೆಲ.

ಮೇವಿನ ನೆಲ ಮಾತ್ರವೂ ಅಲ್ಲ. ಎತ್ತರದ ಬುಗ್ಯಾಲುಗಳಲ್ಲಿ ಆಂಛರಿಯರೆಂಬ ಅಪ್ಸರೆಯರಿರುತ್ತಾರೆ, ಗದ್ದಲ ಮಾಡುವವರನ್ನೂ ಕಡುಬಣ್ಣ ಉಟ್ಟವರನ್ನೂ ಅವರು ಎಳೆದೊಯ್ಯುತ್ತಾರೆ ಎಂಬ ನಂಬಿಕೆ ಗಢವಾಲದಲ್ಲಿ ಹಳೆಯದು. ನಮ್ಮ ಮಲೆನಾಡಿನ ಚೌಡಿ, ಭೂತಗಳ ಬನಗಳನ್ನು ಬಲ್ಲವರಿಗೆ ಇದು ಹೊಸದೆನಿಸದು. ಇಂದಿನ ಅರಣ್ಯ ಇಲಾಖೆಯ ‘ಗದ್ದಲ ಮಾಡಬೇಡಿ, ಹೂವು ಕೀಳಬೇಡಿ, ಕತ್ತಲಾಗುವ ಮೊದಲು ಮರಳಿ’ ಎಂಬ ನಿಯಮಗಳಲ್ಲಿ ಆಂಛರಿಯರು ಇನ್ನೂ ಉಸಿರಾಡುತ್ತಿದ್ದಾರೆಂದು ನಮ್ಮಲ್ಲೊಬ್ಬರು ನಕ್ಕರು.

ಹನುಮಂತನ ಮಾತೂ ಬಂತು. ಸಂಜೀವಿನಿಯನ್ನು ಈ ಕಣಿವೆಯಿಂದಲೇ ಒಯ್ದನೆಂದು ಕೆಲವರು ಹೇಳುತ್ತಾರೆ. ಧೌಲಿಗಂಗೆಯ ಕಡೆಯ ದ್ರೋಣಗಿರಿ ಹಳ್ಳಿಯವರದು ಬೇರೆ ವಾದ: ಒಯ್ದದ್ದು ತಮ್ಮ ಬೆಟ್ಟವನ್ನು. ಅದಕ್ಕಾಗಿಯೇ ಅವರು ಇಂದಿಗೂ ಹನುಮಂತನನ್ನು ಪೂಜಿಸುವುದಿಲ್ಲ. ಅಂಜನಾದ್ರಿಯನ್ನು ಹನುಮನ ಹುಟ್ಟೂರೆಂದು ಹೆಮ್ಮೆಪಡುವ ಆನೆಗೊಂದಿ ಸೀಮೆಯ ನಮ್ಮ ಗೆಳೆಯರು ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮವನು ಬೇರೊಬ್ಬರ ಊರಿನಲ್ಲಿ ಬೆಟ್ಟ ಕಿತ್ತವನಾಗಿ ನೆನಪಿನಲ್ಲಿರಬಹುದೆಂದು ಅವರು ಎಣಿಸಿರಲಿಲ್ಲ.

1930ರ ದಶಕದಲ್ಲಿ ಈ ಪುಟ್ಟ ಹೊಳೆಯ ಎರಡೂ ಕವಲುಗಳಿಗೆ ಹೊರಗಿನ ಕಣ್ಣು ಬಿದ್ದದ್ದು ಸೋಜಿಗವೇ ಸರಿ. ಗುರು ಗೋವಿಂದ ಸಿಂಗರು ತಮ್ಮ ಹಿಂದಿನ ಜನ್ಮದಲ್ಲಿ ಏಳು ಶಿಖರಗಳ ನಡುವಣ ಹೇಮಕುಂಡದಲ್ಲಿ ತಪಸ್ಸು ಮಾಡಿದರೆಂಬ ಉಲ್ಲೇಖ ‘ಬಚಿತ್ತರ್ ನಾಟಕ’ದಲ್ಲಿದೆ. ಅದು ಎಲ್ಲಿದೆಯೆಂದು ಹುಡುಕುತ್ತ ಬಂದ ಸಂತ ಸೋಹನ್ ಸಿಂಗರು ಆ ದಶಕದಲ್ಲಿಯೇ ಬಲಗವಲಿನ ಮೇಲೆ, ಸುಮಾರು 4,300 ಮೀಟರ್ ಎತ್ತರದ ಸರೋವರವನ್ನು ಗುರುತಿಸಿದರು. ಮೋದನ್ ಸಿಂಗರ ಜೊತೆಗೂಡಿ ದಂಡೆಯಲ್ಲಿ ಒಂದು ಪುಟ್ಟ ಗುರುದ್ವಾರ ಕಟ್ಟಿದರು. ಅದೂ ಯಾರಿಗೂ ತಿಳಿಯದ ಜಾಗವಾಗಿರಲಿಲ್ಲ. ಸ್ಥಳೀಯರಿಗೆ ಅದು ಲೋಕಪಾಲ, ಲಕ್ಷ್ಮಣನ ಗುಡಿಯಿರುವ ಪವಿತ್ರ ಕೊಳ. ಸ್ಮೈತ್ ಎಡಗಡೆ ಹೂವು ಎಣಿಸುತ್ತಿದ್ದ ಕಾಲಕ್ಕೆ ಬಲಗಡೆ ಗುರುದ್ವಾರದ ಕಲ್ಲು ಏರುತ್ತಿತ್ತು. ಈಗ ಘಾಂಘರಿಯಾ ಇರುವುದು ಬಹುಮಟ್ಟಿಗೆ ಆ ಬಲಗವಲಿನ ಬಲದಿಂದ: ಹೇಮಕುಂಡಕ್ಕೆ ಲಕ್ಷಗಟ್ಟಲೆ ಯಾತ್ರಿಕರು ಬರುತ್ತಾರೆ, ಹೂವಿನ ಕಣಿವೆಗೆ ಅದರ ಒಂದು ಸಣ್ಣ ಪಾಲು. ಹೂವು ನೋಡಲು ಹೋಗುವ ನಾವು ಉಳಿದುಕೊಳ್ಳುವ ಕೋಣೆ, ತಿನ್ನುವ ರೊಟ್ಟಿ, ನಡೆಯುವ ಕಲ್ಲುಹಾಸು ಎಲ್ಲವೂ ಸಿಖ್ ಯಾತ್ರಿಕರ ಋಣ.

ಹೇಮಕುಂಡದ ದಾರಿಯಲ್ಲಿ ಬ್ರಹ್ಮಕಮಲ ಸಿಗುತ್ತದೆ. ನಮ್ಮ ಮನೆಗಳ ಕುಂಡದಲ್ಲಿ ವರ್ಷಕ್ಕೊಮ್ಮೆ ನಡುರಾತ್ರಿ ಅರಳಿದಾಗ ನೆರೆಹೊರೆಯವರನ್ನೆಲ್ಲ ಎಬ್ಬಿಸಿ ಆರತಿ ಎತ್ತುವ ಆ ಬಿಳಿ ಹೂವು ಇದಲ್ಲ. ಅದು ಅಮೆರಿಕ ಖಂಡದ ಕಳ್ಳಿಯ ಜಾತಿ, ನಾವು ಪ್ರೀತಿಯಿಂದ ದೊಡ್ಡ ಹೆಸರು ಕೊಟ್ಟಿದ್ದೇವೆ. ಹಿಮಾಲಯದ ಬ್ರಹ್ಮಕಮಲ ಬಂಡೆಗಳ ನಡುವೆ ಹಗಲಿನಲ್ಲಿ ಅರಳುತ್ತದೆ, ಕಾಗದದಂಥ ತಿಳಿಹಳದಿ ಎಸಳುಹೊದಿಕೆಯೊಳಗೆ ನೇರಳೆ ಗೊಂಚಲು. ಕಣಿವೆಯಲ್ಲಿ ಇಂಥ ಪರಿಚಯ–ಅಪರಿಚಯಗಳ ಆಟ ಬಹಳ. 500ಕ್ಕೂ ಹೆಚ್ಚು ಜಾತಿಯ ಸಸ್ಯಗಳು ಅಲ್ಲಿವೆ. ನಮ್ಮ ಗೌರಿಹೂವಿನ ಕುಲದ ಗಿಡಗಳು ಆಳೆತ್ತರಕ್ಕೆ ಬೆಳೆದು ಇಡೀ ಇಳಿಜಾರನ್ನು ಗುಲಾಬಿಯಾಗಿಸುತ್ತವೆ. ಆ ಕುಲದ್ದೇ ಒಂದು ಗಿಡವನ್ನು 1839ರಲ್ಲಿ ಹಿಮಾಲಯದಿಂದ ಇಂಗ್ಲೆಂಡಿಗೆ ಅಲಂಕಾರಕ್ಕೆಂದು ಒಯ್ದರು. ಈಗ ಅದು ಅಲ್ಲಿನ ನದಿದಂಡೆಗಳಲ್ಲೆಲ್ಲ ಹಬ್ಬಿ, ಊರಿನವರು ಗುಂಪುಕಟ್ಟಿಕೊಂಡು ಕೀಳುವ ಕಳೆಯಾಗಿದೆ.

ಸ್ಮೈತ್‌ನ ಪುಸ್ತಕ ಓದಿದ ಬ್ರಿಟನ್ನಿನ ಸಸ್ಯಾಭ್ಯಾಸಿಗಳಿಗೆ ಕಣಿವೆ ಕನಸಾಯಿತು. ಜೋನ್ ಮಾರ್ಗರೆಟ್ ಲೆಗ್ 1939ರಲ್ಲಿ ಸಸ್ಯಸಂಗ್ರಹಕ್ಕೆಂದು ಬಂದವರು. ಆಗ ಅವರಿಗೆ 54 ವರ್ಷ. ಜುಲೈ 4ರಂದು ಬಂಡೆಯಿಂದ ಜಾರಿ ಬಿದ್ದು ಸತ್ತರು; ಅಲ್ಲಿಯೇ ಮಣ್ಣಾದರು. ಆಮೇಲೆ ಅವರ ಸೋದರಿ ಅಷ್ಟು ದೂರ ಬಂದು ಸಮಾಧಿಗೆ ಅಮೃತಶಿಲೆಯ ಫಲಕ ಇರಿಸಿದರು. ಬೆಟ್ಟಗಳತ್ತ ಕಣ್ಣೆತ್ತುವ ಮಾತಿರುವ, ಬೈಬಲ್ಲಿನ ಒಂದು ಕೀರ್ತನೆಯ ಸಾಲು ಅದರ ಮೇಲಿದೆ. ಕಣಿವೆಯಲ್ಲಿ ರಾತ್ರಿ ಉಳಿಯಲು ಇಂದು ಹಕ್ಕಿರುವುದು ಇವರೊಬ್ಬರಿಗೇ. ನಮ್ಮ ಹಾಳೆಯಲ್ಲಿ ಈ ಸಮಾಧಿ ‘ಒಳಗೆ ಹೋದ ದಿನದ ಕೊನೆಯ ತಾಣ’ ಎಂದು ನಮೂದಾಗಿದೆ. ಅದಕ್ಕಿಂತ ಮುಂದೆ ಹೋದರೆ ಸಂಜೆಯೊಳಗೆ ಹಿಂದಿರುಗುವ ಧೈರ್ಯ ನಮ್ಮ ಮೊಣಕಾಲುಗಳಿಗಿಲ್ಲ.

ಅಲ್ಲಿಂದ ಮುಂದಿನ ಇಪ್ಪತ್ತು ವರ್ಷ ಹೆಚ್ಚೇನೂ ಆಗಲಿಲ್ಲ. 1962ರ ಚೀನಾ ಯುದ್ಧ ಎಲ್ಲವನ್ನೂ ಬದಲಿಸಿತು. ನೀತಿ, ಮಾಣಾ ಕಣಿವೆದಾರಿಗಳ ಮೂಲಕ ಟಿಬೆಟ್ಟಿನೊಡನೆ ಉಪ್ಪು, ಉಣ್ಣೆ, ಧಾನ್ಯಗಳ ವ್ಯಾಪಾರ ನಡೆಸುತ್ತಿದ್ದ ಭೋಟಿಯಾಗಳಿಗೆ ಗಡಿ ಮುಚ್ಚಿಹೋಯಿತು. ಸೈನ್ಯಕ್ಕಾಗಿ ರಸ್ತೆ ತೆರೆಯಿತು. ವಾರಗಟ್ಟಲೆಯ ಕಾಲ್ನಡಿಗೆಯಾಗಿದ್ದ ಬದರಿ ಬಸ್ಸಿನ ದಾರಿಯಾಯಿತು. ಯಾತ್ರಿಕರು, ಚಾರಣಿಗರು, ಪ್ರವಾಸಿಗಳು ಬಂದರು. ಅವರ ಹಿಂದೆ ಕಸವೂ ಬಂತು. ಡೇರೆಯ ಬೆಂಕಿಗೆ ಭೂರ್ಜದ ಸೌದೆ, ಔಷಧಿಗೆ ಬೇರು, ನೆನಪಿಗೆ ಹೂವಿನ ಗೊಂಚಲು.

1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ನಮ್ಮ ಗೆಳತಿಯ ಪ್ರಶ್ನೆಗೆ ನೇರ ಉತ್ತರ ಇದೇ. ಡೇರೆ ನಿಂತಿತು, ಬೆಂಕಿ ನಿಂತಿತು, ರಾತ್ರಿವಾಸ ನಿಂತಿತು. ಆದರೆ ಅದೇ ಆಜ್ಞೆಯ ನೆರಳಿನಲ್ಲಿ ನಿಂತ ಇನ್ನೊಂದು ಸಂಗತಿಯನ್ನು ಪ್ರವಾಸಿ ಕೈಪಿಡಿಗಳು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತವೆ: ಮೇವು ನಿಂತಿತು. ತಲೆಮಾರುಗಳಿಂದ ಮೇಲೇರುತ್ತಿದ್ದ ಕುರಿಹಿಂಡು ಬಾಗಿಲಲ್ಲಿ ತಿರುಗಬೇಕಾಯಿತು. ಟಿಕೇಟು ಕೊಂಡ ಪ್ರವಾಸಿ ಹೋಗಬಹುದು, ಕುರಿ ಹೋಗಬಾರದು.

ಕುರಿಗಳು ಹೂವನ್ನು ಹಾಳುಮಾಡುತ್ತವೆಂದು ಭಾವಿಸುವುದು ಸಹಜ. ಅಧಿಕಾರಿಗಳು ಭಾವಿಸಿದ್ದೂ ಹಾಗೆಯೇ. ಆದರೆ ಮೇವು ನಿಂತ ಮೇಲಿನ ವರ್ಷಗಳಲ್ಲಿ ಪಾಲಿಗೋನಮ್ ಎಂಬ ಎತ್ತರದ, ದಟ್ಟ ಎಲೆಯ ಗಿಡ ಕಣಿವೆಯ ಭಾಗಗಳನ್ನು ಆವರಿಸತೊಡಗಿತು. ಅದು ಹೊರಗಿನಿಂದ ಬಂದದ್ದಲ್ಲ, ಹಿಮಾಲಯದ್ದೇ. ಆದರೆ ಅದರ ನೆರಳಿನಲ್ಲಿ ಕುಳ್ಳಗಿನ ಹೂಗಿಡಗಳು ಏಳುವುದಿಲ್ಲ. ಅರಣ್ಯ ಇಲಾಖೆ ಈಗ ಕೂಲಿಯವರನ್ನಿಟ್ಟು ಅದನ್ನು ಕೀಳಿಸುತ್ತದೆ. ಕುರಿಗಳ ಬಾಯಿಯೇ ಅದನ್ನು ಹದ್ದಿನಲ್ಲಿಟ್ಟಿತ್ತೆಂಬುದು ಹಳ್ಳಿಯವರ ಮತ್ತು ಕೆಲವು ತಜ್ಞರ ವಾದ. ಬೇರೆ ಕೆಲವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಹಿಂದೆ ಕುರಿದೊಡ್ಡಿಗಳಿದ್ದ, ಗೊಬ್ಬರ ಬಿದ್ದು ನೆಲ ಕದಡಿದ ಜಾಗಗಳಲ್ಲೇ ಅದು ಹೆಚ್ಚು. ಭೂಕುಸಿತದ ಇಳಿಜಾರಿನಲ್ಲಿ ಅದು ಮಣ್ಣನ್ನು ಹಿಡಿದಿಡುವ ಉಪಕಾರಿಯೂ ಹೌದು. ನಾವು ಸಸ್ಯಶಾಸ್ತ್ರಿಗಳಲ್ಲ, ತೀರ್ಪು ಕೊಡಲಾರೆವು. ಆದರೆ ಎರಡೂ ವಾದಗಳಲ್ಲಿ ಒಂದು ಮಾತು ಸಾಮಾನ್ಯವಾಗಿದೆ: ಕುರಿಹಿಂಡು ಆ ಕಣಿವೆಯ ರೂಪದೊಳಗೆ ಸೇರಿಹೋಗಿತ್ತು. ಸ್ಮೈತ್ ಕಂಡ ‘ಮಾನವ ಸ್ಪರ್ಶವಿಲ್ಲದ’ ಉದ್ಯಾನದಲ್ಲಿ ಕುರುಬನ ಕೈಯೂ ಇತ್ತು.

ಪುಣೆಯಲ್ಲಿರುವ ನಮಗೆ ಈ ವಾದ ಮನೆಯ ಬಾಗಿಲಿನದೇ. ಸಾತಾರೆಯ ಹತ್ತಿರದ ಕಾಸ್ ಪಠಾರಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ನಾವು ಹೂವು ನೋಡಲು ಹೋಗುತ್ತೇವೆ. 2012ರಲ್ಲಿ ಪಶ್ಚಿಮ ಘಟ್ಟಗಳ ಭಾಗವಾಗಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು, ಜನ ಮುಗಿಬಿದ್ದರು, ಬೇಲಿ ಬಂತು, ದನಕರುಗಳು ಹೊರಗುಳಿದವು. ಕೆಲವು ವರ್ಷಗಳಲ್ಲಿ ಹುಲ್ಲು ಎತ್ತರವಾಗಿ ಹೂವು ಕಡಿಮೆಯಾಯಿತೆಂಬ ಕೂಗೆದ್ದು ಬೇಲಿಯನ್ನು ತೆಗೆಯಬೇಕಾಯಿತು. ಹಿಂಡು ಹಾಯ್ದ ನೆಲಕ್ಕೆ ಬೆಲೆಯಿದೆಯೆಂದು ಬಲ್ಲ ರೈತರು ಇನ್ನೂ ಇದ್ದಾರೆ: ಮಳೆ ಮುಗಿದ ಮೇಲೆ ದಖ್ಖನಿನ ಹೊಲಗಳಲ್ಲಿ ಧನಗರರ, ಕುರುಬರ ಹಿಂಡುಗಳನ್ನು ತರುಬಿಸಿಕೊಳ್ಳಲು ಅವರು ಕಾಳು ಕೊಡುತ್ತಾರೆ.

ಇನ್ನೊಂದು ಪಕ್ಕದ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಜೋಶಿಮಠದಿಂದ ಧೌಲಿಗಂಗೆಯ ಕಡೆ ಹೊರಳಿದರೆ ರೇಣಿ, ಲಾತಾ ಹಳ್ಳಿಗಳು. 1974ರ ಮಾರ್ಚ್ 26ರಂದು ಗಂಡಸರಿಲ್ಲದ ಹೊತ್ತಿನಲ್ಲಿ ಮರ ಕಡಿಯಲು ಬಂದವರನ್ನು ಗೌರಾದೇವಿ ಮತ್ತು ಅವರ ಸಂಗಾತಿಗಳು ಮರವನ್ನಪ್ಪಿ ತಡೆದದ್ದು ರೇಣಿಯಲ್ಲಿ. ಚಿಪ್ಕೋ ಎಂದ ಕೂಡಲೇ ನಮಗೆ ಶಿರಸಿಯ ಕಡೆಯ ಅಪ್ಪಿಕೋ ನೆನಪಾಗುತ್ತದೆ. 1983ರಲ್ಲಿ ನಮ್ಮ ಉತ್ತರ ಕನ್ನಡದ ಹಳ್ಳಿಗರು ಆ ಮಾತನ್ನು ಕನ್ನಡವಾಗಿಸಿದರು. ಆದರೆ ಮರ ಉಳಿಸಿದ ಎಂಟು ವರ್ಷಗಳಿಗೆ, 1982ರಲ್ಲಿ, ಅವರ ಮೇಲಿನ ನಂದಾದೇವಿಯ ಕಾಡು, ಬುಗ್ಯಾಲುಗಳೂ ರಾಷ್ಟ್ರೀಯ ಉದ್ಯಾನವಾಗಿ ಮುಚ್ಚಿದವು. ಪರ್ವತಾರೋಹಿಗಳ ಹೊರೆ ಹೊತ್ತು, ಕುರಿ ಮೇಯಿಸಿ ಬದುಕುತ್ತಿದ್ದವರಿಗೆ ಎರಡೂ ಇಲ್ಲವಾದವು. 1998ರಲ್ಲಿ ಲಾತಾದ ಜನ ‘ಝಪ್ಟೋ ಛೀನೋ’, ಎಂದರೆ ‘ಎರಗಿ ಕಸಿದುಕೊಳ್ಳಿ’, ಎಂದು ಕೂಗಿ ಉದ್ಯಾನದೊಳಗೆ ನುಗ್ಗಿದರು. ಅಪ್ಪಿಕೊಳ್ಳುವ ಮಾತಿನಿಂದ ಕಸಿದುಕೊಳ್ಳುವ ಮಾತಿಗೆ ಇಪ್ಪತ್ತನಾಲ್ಕೇ ವರ್ಷ. ನಂದಾದೇವಿ 1988ರಲ್ಲಿ ವಿಶ್ವಪರಂಪರೆಯ ತಾಣವಾಗಿತ್ತು. 2005ರಲ್ಲಿ ಹೂವಿನ ಕಣಿವೆಯನ್ನೂ ಅದಕ್ಕೆ ಸೇರಿಸಲಾಯಿತು.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಎರಡನೆಯ ಸಭೆ ಪ್ರವಾಸದ ಸಭೆಯಾಗಿ ಉಳಿಯಲಿಲ್ಲ. ವಾಗ್ವಾದ ಎದ್ದದ್ದು ಒಂದು ಬುಟ್ಟಿಯ ಮೇಲೆ. ಕಣಿವೆಯೊಳಗೆ ಹೇಸರಗತ್ತೆಗಳಿಗೆ ಪ್ರವೇಶವಿಲ್ಲ. ನಡೆಯಲಾರದವರು ‘ಕಂಡಿ’ಯಲ್ಲಿ ಹೋಗಬಹುದು. ಕಂಡಿ ಎಂದರೆ ಬೆನ್ನಿಗೆ ಕಟ್ಟುವ ಬುಟ್ಟಿ. ಅದರಲ್ಲಿ ಯಾತ್ರಿಕನನ್ನು ಕೂರಿಸಿಕೊಂಡು ಒಬ್ಬ ಮನುಷ್ಯ ಬೆಟ್ಟ ಹತ್ತುತ್ತಾನೆ. ನಮ್ಮ ಬಳಗದ ಹಿರಿಯರೊಬ್ಬರಿಗೆ ಎಪ್ಪತ್ತು ದಾಟಿದೆ, ಒಂದು ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿದೆ. ಧಾರವಾಡದಲ್ಲಿ ಓದುತ್ತಿದ್ದಾಗ ಗ್ರಂಥಾಲಯದಲ್ಲಿ ಸ್ಮೈತ್‌ನ ಪುಸ್ತಕ ಕೈಗೆ ಸಿಕ್ಕಂದಿನಿಂದ ಅವರಿಗೆ ಈ ಕಣಿವೆ ನೋಡುವ ಆಸೆ. ಅವರ ಹೆಸರಿನ ಮುಂದೆ ‘ಕಂಡಿ: 1’ ಎಂದು ಬರೆದಾಗ ಅವರು ಹಾಳೆಯನ್ನು ಹಿಂದಕ್ಕೆ ತಳ್ಳಿದರು. “ಇನ್ನೊಬ್ಬನ ಬೆನ್ನ ಮೇಲೆ ಕೂತು ಹೂವು ನೋಡೋದು ನನ್ನಿಂದ ಆಗೂದಿಲ್ಲ. ಘಾಂಘರಿಯಾದಾಗ ಕೂತು ನೀವು ಬಂದು ಹೇಳಿದ್ದು ಕೇಳತೇನಿ.”

ಕಿರಿಯ ಗೆಳತಿ ಬಿಡಲಿಲ್ಲ. “ಸರ್, ನಿಮಗೆ ಮುಜುಗರ ಆಗಬಾರದು ಅಂತ ಅವನು ಒಂದು ದಿನದ ದುಡಿಮೆ ಬಿಡಬೇಕೇನು?”

ಇಬ್ಬರ ಮಾತಿನ ಹಿಂದೆಯೂ ಇತಿಹಾಸವಿದೆ. ಬ್ರಿಟಿಷರ ಕಾಲದಲ್ಲಿ ಕುಮಾವೂ, ಗಢವಾಲಗಳ ಹಳ್ಳಿಗರು ಅಧಿಕಾರಿಗಳ, ಬೇಟೆಗೆ ಬಂದ ಸಾಹೇಬರ ಸಾಮಾನನ್ನು ಕಡ್ಡಾಯವಾಗಿ ಹೊರಬೇಕಿತ್ತು. ಕೂಲಿ–ಬೇಗಾರ್ ಎಂದು ಅದರ ಹೆಸರು. ಯಾವ ಮನೆಯ ಸರದಿ ಯಾವಾಗ ಎಂಬುದಕ್ಕೆ ಊರಿನ ಪ್ರಧಾನನ ಬಳಿ ದಾಖಲೆ ಪುಸ್ತಕಗಳಿರುತ್ತಿದ್ದವು. ಹೊಲದಲ್ಲಿ ಬೆಳೆ ನಿಂತಿದ್ದರೂ ಸರದಿ ಬಂದಾಗ ಹೊರಡಲೇಬೇಕು. 1921ರ ಜನವರಿಯಲ್ಲಿ, ನಮ್ಮಲ್ಲಿ ಎಳ್ಳುಬೆಲ್ಲ ಹಂಚುವ ಸಂಕ್ರಾಂತಿಯ ಕಾಲಕ್ಕೆ, ಬಾಗೇಶ್ವರದ ಉತ್ತರಾಯಣಿ ಜಾತ್ರೆಯಲ್ಲಿ ಸೇರಿದ ಸಾವಿರಾರು ಜನ ಬದರೀದತ್ತ ಪಾಂಡೆಯವರ ಮುಂದಾಳುತನದಲ್ಲಿ ಆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ಇನ್ನು ಹೊರುವುದಿಲ್ಲವೆಂದು ನದಿಯ ನೀರು ಹಿಡಿದು ಆಣೆ ಮಾಡಿದರು. ಆ ಪದ್ಧತಿ ಮುರಿದುಬಿತ್ತು. ಸ್ಮೈತ್ ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ಅವನ ಹೊರೆ ಹೊತ್ತವರು ಕೂಲಿ ಪಡೆದು ಹೊತ್ತವರು. ಅವರ ತಂದೆಯರು ಬೇಗಾರಿಗೆ ಹೊತ್ತವರು. ಹಿರಿಯರಿಗೆ ಕಂಡಿಯಲ್ಲಿ ಕಂಡದ್ದು ಬೇಗಾರು. ಗೆಳತಿಗೆ ಕಂಡದ್ದು ಕೂಲಿ. ಕಣಿವೆಯ ಮೇವು ಮುಚ್ಚಿದ ಮೇಲೆ ಆ ಬೆಟ್ಟದವರಿಗೆ ಉಳಿದ ಗಳಿಕೆಯ ದಾರಿಗಳಲ್ಲಿ ಪ್ರವಾಸಿಯ ಹೊರೆಯೂ ಒಂದು ಎಂಬುದನ್ನು ಇಬ್ಬರೂ ಅಲ್ಲಗಳೆಯಲಿಲ್ಲ. ಆ ಸಂಜೆ ವಾದ ತೀರ್ಮಾನವಾಗದೆ ಎದ್ದೆವು.

ಹೋಗಬೇಕೇ ಬೇಡವೇ ಎಂಬ ಪ್ರಶ್ನೆಯೂ ಎದ್ದದ್ದುಂಟು. 2013ರ ಜೂನ್ 16, 17ರ ಪ್ರಳಯದಲ್ಲಿ ಕೇದಾರದ ಸುದ್ದಿಯೇ ದೇಶವನ್ನು ತುಂಬಿತ್ತು. ಅದೇ ಮಳೆಯಲ್ಲಿ ಲಕ್ಷ್ಮಣಗಂಗೆಯೂ ಉಕ್ಕಿ ಭ್ಯುಂಡಾರ್ ಹಳ್ಳಿಯನ್ನು, ಗೋವಿಂದಘಾಟಿನ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಭೂಪಟದಲ್ಲಿ ಕಣಿವೆಗೆ ಹೆಸರು ಕೊಟ್ಟ ಊರು ಅದು. 2021ರ ಫೆಬ್ರುವರಿ 7ರಂದು ರೇಣಿಯ ಬಳಿ ಋಷಿಗಂಗೆ ನುಗ್ಗಿ ಜಲವಿದ್ಯುತ್ ಕಾಮಗಾರಿಗಳಲ್ಲಿದ್ದವರೂ ಸೇರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು. 2023ರ ಜನವರಿಯಲ್ಲಿ ಜೋಶಿಮಠದ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕುಬಿಟ್ಟವು. ಊರು ಹಳೆಯ ಭೂಕುಸಿತದ ರಾಶಿಯ ಮೇಲೆ ನಿಂತಿದೆ, ಭಾರದ ಕಟ್ಟಡ ಬೇಡವೆಂದು ಮಿಶ್ರಾ ಸಮಿತಿ ಎಚ್ಚರಿಸಿದ್ದು 1976ರಲ್ಲಿಯೇ. ನಾವು ಉಳಿಯಬೇಕೆಂದಿದ್ದ ಹೋಟೆಲುಗಳಂಥ ಕಟ್ಟಡಗಳೇ ಆ ಭಾರ. ಪ್ರವಾಸಿಯನ್ನು ಬಿಟ್ಟು ಪ್ರವಾಸೋದ್ಯಮವನ್ನು ದೂರುವುದು ಸುಲಭ. ಹಾಳೆಯನ್ನು ಮುಂದಿಟ್ಟುಕೊಂಡಾಗ ಅಷ್ಟು ಸುಲಭವಾಗಲಿಲ್ಲ.

ಕೊನೆಗೆ ಹೋಗುವುದೆಂದೇ ಗೊತ್ತಾಯಿತು, ಯೋಜನೆ ಮಾತ್ರ ಮೊದಲಿನದಾಗಿ ಉಳಿಯಲಿಲ್ಲ. ಇಪ್ಪತ್ತು ಜನರ ಬಸ್ಸು ಹೋಗಿ ಎಂಟು ಜನರ ತಂಡವಾಯಿತು. ಒಂದೇ ದಿನದಲ್ಲಿ ಋಷಿಕೇಶದಿಂದ ಜೋಶಿಮಠ ಮುಟ್ಟುವ ಹಟ ಬಿಟ್ಟು ನಡುವೆ ಒಂದು ರಾತ್ರಿ ಕರ್ಣಪ್ರಯಾಗದಲ್ಲಿ ತಂಗುತ್ತೇವೆ. ಮಳೆಗಾಲದ ಕುಸಿತದಿಂದ ದಾರಿ ಮುಚ್ಚಿದರೆ ಕಾಯಲು ಎರಡು ದಿನಗಳನ್ನು ಖಾಲಿ ಬಿಟ್ಟಿದ್ದೇವೆ. ಹೆಲಿಕಾಪ್ಟರನ್ನು ಹಾಳೆಯಿಂದ ಹೊಡೆದುಹಾಕಿದೆವು. ಘಾಂಘರಿಯಾದಲ್ಲಿ ಭ್ಯುಂಡಾರ್–ಪುಲ್ನಾದ ಕುಟುಂಬಗಳೇ ನಡೆಸುವ ವಸತಿಯನ್ನು ಹುಡುಕುತ್ತಿದ್ದೇವೆ. ದಾರಿಯ ಅಂಗಡಿಗಳನ್ನು ನಡೆಸುವವರೂ, ಹಳ್ಳಿಯ ಸಮಿತಿಯ ಮೂಲಕ ಆ ದಾರಿಯ ಕಸ ತೆಗೆಸುವವರೂ ಇಂದು ಅವರೇ. ಇಳಿಯುವ ದಿನ ಪುಲ್ನಾದಲ್ಲಿ ಅರ್ಧ ದಿನ ನಿಲ್ಲುವುದೆಂದಾಗಿದೆ. ಅಲ್ಲಿ ನೋಡುವಂಥದ್ದೇನೂ ಇಲ್ಲವೆಂದು ಕೈಪಿಡಿಗಳು ಹೇಳುತ್ತವೆ. ಮೇಲಿನ ಬುಗ್ಯಾಲಿಗೆ ಹಿಂಡು ಹೊಡೆದುಕೊಂಡು ಹೋದ ನೆನಪಿರುವ ಮುದುಕರು ಯಾರಾದರೂ ಸಿಕ್ಕರೆ, ಹರಕುಮುರುಕು ಹಿಂದಿಯಲ್ಲಿ ಮಾತಾಡಿಸಬೇಕೆಂದಿದ್ದೇವೆ.

ಕಳೆದ ಭಾನುವಾರ ಹಾಳೆಯನ್ನು ಕೊನೆಯದಾಗಿ ಎಲ್ಲರ ಮುಂದೆ ಹಾಯಿಸಿದೆವು. ಅದು ಒಂದು ಸುತ್ತು ಮುಗಿಸಿ ಮರಳಿದಾಗ, ಹಿರಿಯರ ಹೆಸರಿನ ಮುಂದೆ ನಾವು ಹೊಡೆದುಹಾಕಿದ್ದ ‘ಕಂಡಿ: 1’ರ ಪಕ್ಕದಲ್ಲಿ ಅವರದೇ ಅಕ್ಷರಗಳಲ್ಲಿ ಒಂದು ಸಾಲು ಸೇರಿತ್ತು: ‘ಹೋಗುವಾಗ ಬೇಡ, ನಡೆಯುತ್ತೇನೆ. ಬರುವಾಗ ಕಾಲು ಸೋತರೆ ಬೇಕಾದೀತು. ಹೊರುವವನಿಗೆ ಎರಡೂ ದಾರಿಯ ಕೂಲಿ ಕೊಡುವುದು, ನಡೆಯುವಾಗಲೂ ಜೊತೆಗಿರಲಿ.’